ಥೂ ಅಂದರೂ ಸಾಕು

ಮಾರ್ಚ್ ೨೬

ಇವತ್ತೂ ಮಾತಿಲ್ಲ.

ಬೆಳಿಗ್ಗೆಯಿಂದ ಸಂಜೆಯವರೆಗೆ ಕರೆಂಟು ಹೋದವರ ಬೈಗುಳ ಕೇಳುವುದು ನನ್ನ ಉದ್ಯೋಗ. ದೂರು ವಿಭಾಗದಲ್ಲಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕೂತರೆ ಊರಿನ ಸಿಟ್ಟೆಲ್ಲ ನನ್ನ ತಲೆಯ ಮೇಲೆ. "ನಿಮ್ಮ ದೂರು ದಾಖಲಾಗಿದೆ, ದಯವಿಟ್ಟು ಸಹಕರಿಸಿ" ಎಂದು ಹೇಳಿ ಹೇಳಿ ನಾಲಿಗೆ ಸವೆದಿದೆ. ಮನೆಗೆ ಬಂದರೆ ಇವರ ಮಾತು ಶುರುವಾಗುತ್ತಿತ್ತು. ಯಾವ ಕಟ್ಟಡಕ್ಕೆ ಗಾಜು ಕೂರಿಸಿದರು, ಏಣಿ ಏನು ತಮಾಷೆ ಮಾಡಿದ, ಮಾಲೀಕ ಎಂಥ ಜಿಪುಣ. "ಸ್ವಲ್ಪ ಸುಮ್ನಿರ್ರೀ, ನನ್ನ ಕಿವಿಗೂ ಒಂದು ರಜೆ ಬೇಡ್ವಾ" ಎಂದು ದಿನಾ ರೇಗುತ್ತಿದ್ದೆ. ಈಗ ರಜೆಯೋ ರಜೆ.

ಏಣಿ ಎಂದರೆ ಇವರ ಜೊತೆಗಾರ. ಉದ್ದನೆಯ ಆಳು, ಅದಕ್ಕೇ ಆ ಹೆಸರು. ಹೋದ ತಿಂಗಳು ಹೊಸ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ ಇಬ್ಬರೂ ದೊಡ್ಡ ಗಾಜೊಂದನ್ನು ಹೊತ್ತು ಸಾಗಿಸುವಾಗ ಅವನು ರೇಲಿಂಗಿಲ್ಲದ ಮೆಟ್ಟಿಲಿನ ಅಂಚಿನಿಂದ ಗಾಜಿನ ಸಮೇತ ಕೆಳಗೆ ಬಿದ್ದ. ಬದುಕಿದ, ಆದರೆ ಸೊಂಟ ಮುರಿಯಿತು. ಇವರ ಮೈಮೇಲೆ ಒಂದು ಗೀರೂ ಇಲ್ಲ. ಅವತ್ತು ಸಂಜೆ ಮನೆಗೆ ಬಂದು, ಚಪ್ಪಲಿ ಬಿಟ್ಟು, ಹಿಂಬಾಗಿಲ ಮೆಟ್ಟಿಲ ಮೇಲೆ ಕೂತವರು ಇವತ್ತಿಗೂ ಒಂದಕ್ಷರ ಆಡಿಲ್ಲ.

ಗಂಟಲು ಸರಿ ಇದೆಯಂತೆ, ಮಿದುಳೂ ಸರಿ ಇದೆಯಂತೆ. "ಮಾತು ಒಳಗೇ ಇದೆಯಮ್ಮ, ಎಲ್ಲೂ ಹೋಗಿಲ್ಲ" ಎಂದರು ಡಾಕ್ಟರು. ಒಳಗಿದ್ದು ನನಗೇನು ಉಪಯೋಗ? ಮನೆಯಲ್ಲಿ ಮಾತಾಡಲು ಯಾರೂ ಇಲ್ಲದೆ ಹೀಗೆ ಪುಸ್ತಕದ ಜೊತೆ ಮಾತಾಡುವ ಗತಿ ಬಂದಿದೆ.

ಮಾರ್ಚ್ ೩೦

ರಜೆ. ಸಿಟ್ಟು ತೀರಿಸಿಕೊಳ್ಳಲು ಏನಾದರೂ ಬೇಕಿತ್ತು, ಹಿತ್ತಲು ಸ್ವಚ್ಛ ಮಾಡಲು ಹೊರಟೆ. ಹಿತ್ತಲು ಎಂದರೆ ದೊಡ್ಡ ಮಾತಾಯಿತು. ಮನೆಗೂ ಕಾಂಪೌಂಡಿಗೂ ನಡುವೆ ಎರಡು ಮಂಚ ಹಿಡಿಸುವಷ್ಟು ಜಾಗ. ಕೆಲಸದಿಂದ ತಂದ ತುಂಡು ಗಾಜುಗಳನ್ನು ಇವರು ಗೋಡೆಗೆ ಒರಗಿಸಿಟ್ಟಿದ್ದಾರೆ, ಉಳಿದದ್ದೆಲ್ಲ ಕಳೆ. ದಿನವಿಡೀ ಕೂತು ನೋಡುವುದು ಇದನ್ನೇ. "ಇಂಥ ಹೆಂಡ್ತಿ ಎದುರಿಗಿರುವಾಗ ಕಳೆ ನೋಡ್ತಾ ಕೂರ್ತೀರಲ್ಲ" ಎಂದು ನಾನೇ ತಮಾಷೆ ಮಾಡಿ ನಾನೇ ನಕ್ಕೆ.

ಕಿತ್ತು ಕಿತ್ತು ಗುಡ್ಡೆ ಹಾಕಿದೆ. ಗಾಜಿನ ಹಿಂದೆ ಒಂದು ಸಣಕಲು ಗಿಡ ಇತ್ತು. ಗಾಜಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡು, ಎಲೆಗಳನ್ನೆಲ್ಲ ಗಾಜಿಗೆ ಒತ್ತಿಕೊಂಡೇ ಮೇಲೆ ಬಂದಿತ್ತು. ತುದಿಯಲ್ಲಿ ಸಾಸಿವೆ ಕಾಳಿನಷ್ಟು ಹಳದಿ ಹೂ. ಅದಕ್ಕೆ ಕೈ ಹಾಕಿದ್ದೇ ತಡ, ಇವರು ಎದ್ದು ಬಂದು ನನ್ನ ಮಣಿಕಟ್ಟು ಹಿಡಿದರು.

"ಏನು? ಏನ್ರೀ? ಕೀಳೋದು ಬೇಡ್ವಾ? ಬೇಡ ಅಂತ ಬಾಯಲ್ಲಿ ಹೇಳಿ. ಒಂದು ಸಲ ಹೇಳಿ, ಬಿಟ್ಬಿಡ್ತೀನಿ."

ಹೇಳಲಿಲ್ಲ. ಕೈ ಬಿಟ್ಟು ಹೋಗಿ ಮತ್ತೆ ಮೆಟ್ಟಿಲ ಮೇಲೆ ಕೂತರು. ನಾನು ಕಿತ್ತ ಕಳೆಯ ನಡುವೆ ಕುಕ್ಕರುಗಾಲಲ್ಲಿ ಕೂತು ಜೋರಾಗಿ ಅತ್ತೆ. ಆ ಗಿಡವನ್ನು ಮಾತ್ರ ಹಾಗೇ ಬಿಟ್ಟೆ.

ಏಪ್ರಿಲ್ ೩

ಡಾಕ್ಟರಿಗೆ ಆ ಕಳೆಯ ವಿಷಯ ಹೇಳಿದೆ. ಅವರ ಮುಖ ಅರಳಿತು.

"ನೋಡಿ, ಇದು ಒಳ್ಳೇ ಲಕ್ಷಣ. ಗಿಡದ ಮೇಲೆ ಮನಸ್ಸಿದೆ ಅಂದ್ರೆ ಗಿಡದ ದಾರಿಯಲ್ಲೇ ಹೋಗಿ. ವಿಚಿತ್ರವಾಗಿರೋದು, ಕಂಡ್ರೆ ಬೆರಗಾಗೋ ಅಂಥದ್ದು ತಂದಿಡಿ. ಯಾವುದೋ ಒಂದಕ್ಕೆ ಬಾಯಿ ತೆರೀಬಹುದು."

"ತೆರೀದಿದ್ರೆ?"

"ಆಗಸ್ಟ್ ಕೊನೆವರೆಗೆ ನೋಡೋಣ. ಅಷ್ಟರಲ್ಲಿ ಒಂದು ಮಾತಾದ್ರೂ ಬಂದ್ರೆ ಮನೇಲೇ ಇರಲಿ. ಇಲ್ದಿದ್ರೆ ಒಳಗೆ ಸೇರಿಸ್ಕೊಳ್ಳೋಣ."

ಒಳಗೆ ಎಂದರೆ ಆಸ್ಪತ್ರೆಯ ಹಿಂದಿನ ವಾರ್ಡು. ಬರುವಾಗ ನೋಡಿಕೊಂಡೇ ಬಂದೆ. ಬಾಗಿಲಿಗೆ ಹೊರಗಿನಿಂದ ಅಗುಳಿ. ಕಿಟಕಿಗಳಿಗೆ ಕಬ್ಬಿಣದ ಬಲೆ, ಒಂದಕ್ಕೂ ಗಾಜಿಲ್ಲ. ಬಲೆಯ ಹಿಂದೆ ಒಬ್ಬಾತ ಹಣೆಯನ್ನು ಗೋಡೆಗೆ ಆನಿಸಿಕೊಂಡು ನಿಂತಿದ್ದ, ನಾನು ಔಷಧಿ ತೆಗೆದುಕೊಂಡು ಬಂದಾಗಲೂ ಹಾಗೇ ನಿಂತಿದ್ದ. ಇವರನ್ನು ಅಲ್ಲಿಗೆ ಕಳಿಸಿದರೆ ತಿರುಗಿ ಬರುವುದಿಲ್ಲ. ಬಂದರೂ ಬರುವವರು ಇವರಾಗಿರುವುದಿಲ್ಲ.

ಏಪ್ರಿಲ್ ೬

ಬಸ್ ನಿಲ್ದಾಣದ ಹಿಂದಿನ ನರ್ಸರಿಗೆ ಹೋಗಿದ್ದೆ. ಅಲ್ಲಿಯವನು ಮಾತಿನ ಮಲ್ಲ. ಗಿಡಕ್ಕಿಂತ ಹೆಚ್ಚು ಸುಳ್ಳು ಬೆಳೆಸುತ್ತಾನೆ.

"ಯಾರಿಗಮ್ಮಾ? ಮಕ್ಕಳಿಗಾ?"

"ನಮ್ಮನೆಯವರಿಗೆ. ನೋಡಿದ ತಕ್ಷಣ ಬಾಯಿಂದ ಮಾತು ಹೊರಡಬೇಕು, ಅಂಥ ಗಿಡ ಕೊಡಿ."

"ಅಷ್ಟೇ ತಾನೇ!" ಎಂದು ಮುಟ್ಟಿದರೆ ಮುನಿ ತಂದು ಕೈಗಿಟ್ಟ. ನಾಚಿಕೆಯಿಲ್ಲದೆ ತಂದೆ. ಬೆರಳು ತಾಗಿಸಿ ತೋರಿಸಿದೆ. ಎಲೆಗಳು ಮುದುಡಿದವು, ಸ್ವಲ್ಪ ಹೊತ್ತಿಗೆ ಬಿಚ್ಚಿಕೊಂಡವು. "ನೋಡಿ, ಇದಕ್ಕೂ ಮುನಿಸು ಬರುತ್ತೆ, ಹೋಗುತ್ತೆ. ನಿಮಗೆ ಹೋಗೋದೇ ಇಲ್ವಲ್ಲ" ಎಂದೆ. ಇವರು ನೋಡಿದರು. ಅಷ್ಟೇ.

ಏಪ್ರಿಲ್ ೧೯

ಈ ಸಲ ನೊಣ ತಿನ್ನುವ ಗಿಡ. ಎಲೆ ಬಾಯಿ ತೆರೆದುಕೊಂಡು ಕೂತಿರುತ್ತದೆ, ಅಂಚಿನಲ್ಲಿ ಹಲ್ಲುಗಳು. ನೊಣ ಕೂತರೆ ಗಪ್ಪನೆ ಮುಚ್ಚುತ್ತದೆ. "ಇದನ್ನ ನೋಡಿ ಮೂಕನೂ ಕೂಗಿದಾನೆ" ಎಂದು ನರ್ಸರಿಯವನು ಆಣೆ ಮಾಡಿದ್ದ.

ನೊಣ ಸಿಕ್ಕಿಕೊಂಡಾಗ ಕೂಗಿದ್ದು ನಾನು. ಇವರು ಬಗ್ಗಿ ನೋಡಿದರು, ಮುಚ್ಚಿದ ಬಾಯೊಳಗೆ ನೊಣ ಒದ್ದಾಡುವುದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕಣ್ಣು ಮುಚ್ಚಿಕೊಂಡರು. ಇದನ್ನು ಯಾಕಾದರೂ ತಂದೆನೋ ಎನ್ನಿಸಿತು. ಊಟದ ತಟ್ಟೆ ಮುಂದಿಟ್ಟರೆ ಎರಡು ತುತ್ತು ತಿಂದು ಸರಿಸಿದರು. ತಟ್ಟೆಯನ್ನು ಎತ್ತಿ ಗೋಡೆಗೆ ಬೀಸಿದೆ. "ಸದ್ದಾದರೂ ಆಗಲಿ ಈ ಮನೇಲಿ!" ಎಂದು ಕಿರುಚಿದೆ. ಗೋಡೆ ತೊಳೆದವಳೂ ನಾನೇ.

ಮೇ ೪

ಇವತ್ತಿನದನ್ನು ಬರೆಯಲೂ ಮೂಗು ಮುಚ್ಚಿಕೊಳ್ಳಬೇಕು.

ನರ್ಸರಿಯ ಮೂಲೆಯಲ್ಲಿ ಕಳ್ಳಿಯ ಹಾಗೆ ಒಂದು ಗಿಡ ಇತ್ತು. ಎಲೆಯಿಲ್ಲ, ಬರೀ ಬೆರಳಿನಂಥ ಕಾಂಡ. ಅದರಲ್ಲಿ ಅಂಗೈಯಷ್ಟು ದೊಡ್ಡ ಮೊಗ್ಗು. "ಹೂವು ನಕ್ಷತ್ರದ ಹಾಗಿರುತ್ತೆ, ಆದ್ರೆ ಮನೆಯೊಳಗೆ ಮಾತ್ರ ಇಡಬೇಡಿ" ಎಂದ. ಯಾಕೆ ಎಂದು ಕೇಳುವ ತಾಳ್ಮೆ ನನಗಿರಲಿಲ್ಲ. ಇವತ್ತು ಬೆಳಿಗ್ಗೆ ಅರಳಿತು. ಐದು ಮೂಲೆಯ ದೊಡ್ಡ ಹೂ, ಕಂದುಗೆಂಪು ಗೆರೆಗಳು, ಮೈಮೇಲೆಲ್ಲ ಸಣ್ಣ ಕೂದಲು. ವಾಸನೆ ಮಾತ್ರ ಬೀರು ಹಿಂದೆ ಇಲಿ ಸತ್ತು ವಾರವಾದಂತೆ.

ನನಗೆ ಖುಷಿಯೋ ಖುಷಿ. ಇದಕ್ಕೆ ಸುಮ್ಮನಿರುವ ಗಂಡಸು ಹುಟ್ಟಿಯೇ ಇಲ್ಲ ಎಂದುಕೊಂಡು ತಂದು ಇವರ ಮೂಗಿನಡಿಯಲ್ಲೇ ಇಟ್ಟೆ. "ಬೈಯಿರಿ. ಹೊಟ್ಟೆ ತುಂಬ ಬೈಯಿರಿ ನನ್ನ. ಥೂ ಅಂದ್ರೂ ಸಾಕು!"

ನೊಣಗಳು ಬಂದು ಮುತ್ತಿದವು. ನಾನು ಬಾಯಿಗೆ ಸೆರಗು ಒತ್ತಿಕೊಂಡು ಬಚ್ಚಲಿಗೆ ಓಡಿದೆ. ಬಂದು ನೋಡಿದರೆ ಇವರು ಹೂವಿಗೆ ಮುಖ ಹತ್ತಿರ ಹಿಡಿದು ಕೂತಿದ್ದಾರೆ. ಒಂದು ನೊಣ ಹೂವಿನ ನಡುವೆ ಬಿಳಿ ಮೊಟ್ಟೆ ಇಡುತ್ತಿತ್ತು, ಸತ್ತ ಮಾಂಸವೆಂದು ನಂಬಿ. ಪಾಪದ್ದು, ಅದರ ಮರಿಗಳಿಗೆ ಅಲ್ಲಿ ತಿನ್ನಲು ಏನೂ ಸಿಗುವುದಿಲ್ಲ.

ಇವರ ಕಾಲು ಹಿಡಿದುಕೊಂಡೆ. ಉತ್ಪ್ರೇಕ್ಷೆಯಲ್ಲ, ನಿಜವಾಗಿಯೂ ಎರಡೂ ಕೈಯಲ್ಲಿ ಹಿಡಿದುಕೊಂಡೆ. "ಒಂದು ಥೂ. ಇನ್ನೇನೂ ಕೇಳಲ್ಲ ರೀ." ನನ್ನ ತಲೆಯ ಮೇಲೆ ಕೈಯಿಟ್ಟರು. ಕೈ ಯಾರಿಗೆ ಬೇಕಿತ್ತು?

ಮೇ ೧೧

ಇಲ್ಲ.

ಮೇ ೧೨

ಇಲ್ಲ. ನೊಣ ತಿನ್ನುವ ಗಿಡ ಸತ್ತಿತು.

ಮೇ ೧೬

ತಂಗಿ ಬಂದಿದ್ದಳು. ಹಿತ್ತಲಿಗೆ ಇಣುಕಿ ನೋಡಿ ಬಂದು ಅಡುಗೆಮನೆಯಲ್ಲಿ ದನಿ ತಗ್ಗಿಸಿ ಹೇಳಿದಳು. "ಅಕ್ಕಾ, ಭಾವನ್ನ ಈಗ್ಲೇ ಆಸ್ಪತ್ರೆಗೆ ಸೇರಿಸಿ ನನ್ನ ಜೊತೆ ಬಂದುಬಿಡು. ನೀನೂ ಮನುಷ್ಯಳೇ ಕಣೇ. ಕನ್ನಡಿ ನೋಡ್ಕೊಂಡು ಎಷ್ಟು ದಿನ ಆಯ್ತು?"

"ಗಾಜಿನವರ ಮನೇಲಿ ಕನ್ನಡಿಗೇನು ಬರ" ಎಂದೆ. ಅವಳು ನಗಲಿಲ್ಲ. ಅವಳು ಹೋದ ಮೇಲೆ, ಬಂದುಬಿಡು ಎಂದದ್ದು ಕಿವಿಯಲ್ಲೇ ಉಳಿಯಿತು. ಹೋಗಬಹುದಲ್ಲ ಎಂದೂ ಅನ್ನಿಸಿತು. ಅನ್ನಿಸಿದ್ದನ್ನು ಇಲ್ಲಿಯಾದರೂ ಬರೆಯುತ್ತೇನೆ.

ಮೇ ೨೩

ಮುಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ ಬರೆಯಲು ಕೂತಿದ್ದೇನೆ.

ಕೆಲಸದಿಂದ ಬಂದರೆ ಬಾಗಿಲು ತೆರೆದಿತ್ತು, ಮೆಟ್ಟಿಲು ಖಾಲಿ. ಬೀದಿಯ ಈ ತುದಿಯಿಂದ ಆ ತುದಿಗೆ ಓಡಿದೆ. ಆಮೇಲೆ ಕಾಲುಗಳಿಗೇ ಗೊತ್ತಾಯಿತು, ಆ ಕಟ್ಟಡಕ್ಕೆ ಹೋದೆ. ಕೆಲಸಗಾರರು ಹೊರಟುಹೋಗಿದ್ದರು. ಎರಡನೆಯ ಮಹಡಿಯಲ್ಲಿ, ಆ ಮೆಟ್ಟಿಲಿನ ಅಂಚಿನಲ್ಲಿ ಇವರು ನಿಂತಿದ್ದರು. ರೇಲಿಂಗು ಇನ್ನೂ ಹಾಕಿಲ್ಲ. ಕಾಲ ಬೆರಳುಗಳು ಅಂಚಿನ ಆಚೆ ಇದ್ದವು.

ಕೂಗಿದರೆ ಬೆಚ್ಚಿ ಬಿದ್ದಾರು. ಕೂಗದಿದ್ದರೆ? ದಿನವಿಡೀ ವಟಗುಟ್ಟುವ ನನಗೆ ಬಾಯಿ ಕಟ್ಟಿಹೋಯಿತು. ಚಪ್ಪಲಿ ಬಿಟ್ಟು, ಸದ್ದಾಗದ ಹಾಗೆ ಹಿಂದಿನಿಂದ ಹೋಗಿ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದೆ. ಅಂಗಿ ಹಿಡಿದುಕೊಂಡೇ ಮನೆಯವರೆಗೂ ಬಂದೆ. ದಾರಿಯಲ್ಲಿ ಜನ ನೋಡಿದರು, ನೋಡಲಿ.

ಬೀಳಲು ನಿಂತಿದ್ದರೋ, ಬರೀ ನೋಡಲು ನಿಂತಿದ್ದರೋ ನನಗೆ ಗೊತ್ತಿಲ್ಲ. ಕೇಳಿದರೆ ಹೇಳುವವರಲ್ಲ.

ಮೇ ೨೪

ಹೊರಗಿನಿಂದ ಬೀಗ ಹಾಕಿ ಕೆಲಸಕ್ಕೆ ಹೋದೆ. ಆ ವಾರ್ಡಿಗೂ ನನಗೂ ಏನು ವ್ಯತ್ಯಾಸ?

ಜೂನ್ ೮

ಮಳೆ ಶುರುವಾಗಿ ವಾರವಾಯಿತು. ಊರಿನ ಕರೆಂಟೆಲ್ಲ ಹೋಗಿ ನನ್ನ ಕಿವಿ ತೂತಾಗುವಷ್ಟು ಬೈಗುಳ. ಇವತ್ತು ಒಬ್ಬಾತ "ನಿಮಗೆ ಕಿವಿ ಇದೆಯೇನ್ರೀ" ಎಂದು ಕಿರುಚಿದ. "ಇದೆ, ಇನ್ನೂ ಸ್ವಲ್ಪ ಬೈಯಿರಿ, ಕೇಳ್ತೀನಿ" ಎಂದೆ. ಪಾಪ, ಗಾಬರಿಯಾಗಿ ಕ್ಷಮೆ ಕೇಳಿದ.

ನರ್ಸರಿಗೆ ಹೋಗುವ ಉತ್ಸಾಹ ಉಳಿದಿಲ್ಲ. ಬಸ್ಸಿಗೆ ಕಾಯುತ್ತಾ ನಿಂತಿದ್ದೆ, ಬಸ್ಸು ಇನ್ನೂ ಬಂದಿರಲಿಲ್ಲ. ನೆಲ ನೋಡುತ್ತಾ ನಿಂತವಳಿಗೆ ಕಲ್ಲು ಹಾಸಿನ ಸಂದಿಯಲ್ಲಿ ಒಂದು ಹೂ ಕಂಡಿತು. ಅಂಗಿಯ ಗುಂಡಿಯಷ್ಟೇ, ನೀಲಿ. ಅಷ್ಟು ಜನ ತುಳಿದುಕೊಂಡು ಓಡಾಡುವ ಜಾಗ ಅದು. ಇದನ್ನು ಇಲ್ಲಿ ಬಿತ್ತಿದವರು ಯಾರು, ನೀರು ಹಾಕುವವರು ಯಾರು ಎಂದು ಯೋಚಿಸುತ್ತಿರುವಾಗ ಬಸ್ಸು ಬಂದು ಹೋಯಿತು. ಬಾಚಣಿಗೆಯ ಹಿಡಿಯಿಂದ ಕೆದಕಿ, ಬೇರು ಸಮೇತ ಎಬ್ಬಿಸಿ, ಊಟದ ಡಬ್ಬಿಯಲ್ಲಿ ಹಾಕಿಕೊಂಡು ನಡೆದೇ ಮನೆಗೆ ಬಂದೆ. ಅದಕ್ಕೆ ಗುಂಡಿ ಎಂದು ಹೆಸರಿಟ್ಟಿದ್ದೇನೆ. ಇವರಿಗೆ ತೋರಿಸಿ "ಮಾತಾಡಿ" ಎನ್ನುವುದು ಮರೆತೇ ಹೋಯಿತು. ನಾಳೆ ಹೇಳಬೇಕು.

ಜೂನ್ ೨೧

ಕರ್ಣಕುಂಡಲದ ಬೀಜ ಹಾಕಿದ್ದೆ, ಮೊಳೆತಿವೆ. ಇವತ್ತಿನ ಮಳೆಗೆ ಕೊಚ್ಚಿಹೋಗುತ್ತವೆ ಎಂದು ಕೆಲಸದಲ್ಲಿ ಕೂತೇ ಒದ್ದಾಡಿದೆ. ಬಂದು ನೋಡಿದರೆ ಗೋಡೆಗೆ ಒರಗಿಸಿದ್ದ ಗಾಜಿನ ತುಂಡೊಂದು ಜಾರಿ ಸಸಿಗಳ ಮೇಲೆ ಓರೆಯಾಗಿ ನಿಂತಿದೆ. ಒಂದು ಸಸಿಯೂ ಬಿದ್ದಿಲ್ಲ. ಒಮ್ಮೊಮ್ಮೆ ಅದೃಷ್ಟವೂ ಇರುತ್ತದೆ. ಎತ್ತಿಡಲು ಹೋದೆ, ಅಂಚು ನುಣುಪಾಗಿತ್ತು, ಕೈ ಕೊಯ್ಯಲಿಲ್ಲ. ಇರಲಿ ಎಂದು ಅಲ್ಲೇ ಬಿಟ್ಟೆ.

ಇವರ ಉಗುರು ಸಂದಿಯಲ್ಲೆಲ್ಲ ಕೊಳೆ ತುಂಬಿಕೊಂಡಿದೆ. ಎಷ್ಟು ಶುಚಿಯ ಮನುಷ್ಯ! ಈಗ ಮೈಮೇಲಿನ ಗಮನವೂ ಹೋಯಿತು. ಬಿಸಿನೀರಲ್ಲಿ ಕೈ ನೆನೆಸಿ ತೊಳೆದೆ. ತೊಳೆಯುವಾಗ ನನಗೆ ದುಃಖ ಉಕ್ಕಿ ಬಂತು.

ಜುಲೈ ೫

ಏಣಿ ಬಂದಿದ್ದ. ಎರಡು ಊರುಗೋಲು, ಅವನ ಹೆಂಡತಿ ಆಟೋದಿಂದ ಇಳಿಸಿ ಹೋದಳು. ಅಷ್ಟುದ್ದದ ಮನುಷ್ಯ ಮುಂಬಾಗಿಲಲ್ಲಿ ಬಗ್ಗಿ ನಿಂತು, "ಅತ್ತಿಗೆ, ಏಣಿ ಮುರೀತು, ಈಗ ಸ್ಟೂಲಾಗಿದೀನಿ" ಎಂದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅವನನ್ನು ಕಂಡದ್ದೇ ಇವರು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಏಣಿ ಮುಚ್ಚಿದ ಬಾಗಿಲನ್ನೇ ನೋಡಿದ. ಅವನ ಚಹಾ ತಣ್ಣಗಾಯಿತು.

"ಅವ್ನು ನಿಮಗೆ ಏನೂ ಹೇಳಿಲ್ವಾ ಅತ್ತಿಗೆ?"

"ಹೇಳೋಕೆ ಮಾತೆಲ್ಲಿದೆ?"

ಆಗ ಅವನು ಹೇಳಿದ. ದೊಡ್ಡ ಗಾಜು ಹೊರುವಾಗ ಒಬ್ಬ ಹಿಂದಕ್ಕೆ ನಡೆಯಬೇಕು. ಅವನು ತಲೆ ತಿರುಗಿಸುವ ಹಾಗಿಲ್ಲ. ತಲೆ ತಿರುಗಿದರೆ ಭುಜ ತಿರುಗುತ್ತದೆ, ಭುಜ ತಿರುಗಿದರೆ ಗಾಜು ಸೀಳುತ್ತದೆ. ಎದುರಿಗಿರುವವನು ಬಾ, ಬಾ, ನಿಲ್ಲು ಎಂದು ಹೇಳುತ್ತಾ ಬರಬೇಕು. "ಎದುರಿನವನ ಬಾಯೇ ನಮಗೆ ಕಣ್ಣು, ಅತ್ತಿಗೆ. ಇಷ್ಟು ವರ್ಷ ಅವ್ನ ಬಾಯಿ ನಂಬ್ಕೊಂಡು ಹಿಂದಕ್ಕೆ ನಡೆದಿದೀನಿ. ಅವತ್ತು ಬಿಸಿಲು ಗಾಜಿನ ಮೇಲೆ ಬಿದ್ದು ಅವ್ನ ಕಣ್ಣು ಕುಕ್ಕಿರಬೇಕು, ಇನ್ನೂ ನೆಲ ಇದೆ ಅಂದ್ಕೊಂಡ. ಬಾ ಅಂದ. ನಾನು ಹೋದೆ."

ಅವನ ತಣ್ಣಗಾದ ಚಹಾ ಎತ್ತಿಕೊಂಡು ಹೋಗಿ ಮತ್ತೆ ಬಿಸಿ ಮಾಡಿ ತಂದೆ.

"ನನಗೆ ಅವ್ನ ಮೇಲೆ ಸಿಟ್ಟಿಲ್ಲ ಅಂತ ಹೇಳೋಕೆ ಬಂದೆ. ಅವ್ನು ಬಾಗಿಲು ತೆಗೀಲಿ, ಒಂದು ಸಲ ಮುಖ ನೋಡಿ ಹೋಗ್ತೀನಿ."

ಬಾಗಿಲು ತೆಗೆಯಲಿಲ್ಲ. ಏಣಿ ಬಾಗಿಲಿಗೇ ಹೇಳಿದ, "ಸಿಟ್ಟಿಲ್ಲ ಕಣೋ." ಊರುಗೋಲು ಊರಿಕೊಂಡು ಹೋದ.

ಜುಲೈ ೬

ಇವರು ಕೊನೆಗೆ ಆಡಿದ ಮಾತು ಬಾ. ಅದಾದ ಮೇಲೆ ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ. ನಾನೋ, ಮಾತಾಡಿ ಮಾತಾಡಿ ಎಂದು ಕಾಲು ಹಿಡಿದೆ, ತಟ್ಟೆ ಎಸೆದೆ, ಸತ್ತ ಇಲಿಯ ವಾಸನೆ ಕುಡಿಸಿದೆ. ಈ ಬೀಗಕ್ಕೆ ಕೀಲಿಕೈ ನನ್ನ ಹತ್ತಿರ ಇಲ್ಲ. ನಾನು ಸೋತೆ.

ಮಾತಾಡಿ ಎಂದು ಇನ್ನು ಕೇಳುವುದಿಲ್ಲ. ಕೇಳಲು ಬಾಯಿ ಬರುವುದಿಲ್ಲ.

ಜುಲೈ ೧೮

ಸೇರಿಸಿಕೊಳ್ಳುವ ದಿನ ಆಗಸ್ಟ್ ೨೫ ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಬರುವಾಗ ಎರಡು ಜೊತೆ ಬಟ್ಟೆ ತರಬೇಕಂತೆ. ನಾಲ್ಕು ಜೊತೆ ಒಗೆದಿಟ್ಟೆ, ಮಡಿಸಲು ಆಗದೆ ಹಗ್ಗದ ಮೇಲೇ ಬಿಟ್ಟೆ.

ಆಸ್ಪತ್ರೆಯಿಂದ ಹಿಂದಿರುಗುವಾಗ ನರ್ಸರಿಯವನು ರಸ್ತೆಯಲ್ಲೇ ಹಿಡಿದು ನಿಲ್ಲಿಸಿ ಒಳಗೆ ಕರೆದೊಯ್ದಿದ್ದ. ಮೂಲೆಯಲ್ಲಿ ಸಿಮೆಂಟಿನ ದೊಡ್ಡ ತೊಟ್ಟಿ, ಅದರಲ್ಲಿ ಅಗಲ ಎಲೆಯ ಗಿಡ. ಬಾವಲಿ ಹೂವಂತೆ. ಹೂ ಕಪ್ಪಗಿರುತ್ತದಂತೆ, ಉದ್ದುದ್ದ ಮೀಸೆ ಬಿಡುತ್ತದಂತೆ. "ಹೂ ಬಿಟ್ರೆ ನಿಮ್ಮ ಪುಣ್ಯ, ಬಿಡದಿದ್ರೆ ನನ್ನ ಬೈಬೇಡಿ. ಗಾಳಿ ತಾಗಬಾರದು, ಮೀಸೆ ಮುರಿದ್ರೆ ಹೂವೇ ಕಪ್ಪುಗಟ್ಟಿ ಹೋಗುತ್ತೆ."

"ಕಪ್ಪಗಿರೋದು ಇನ್ನೆಷ್ಟು ಕಪ್ಪಾಗುತ್ತೆ?" ಎಂದೆ. ಅವನು ನಗುತ್ತಾ ತಳ್ಳುಗಾಡಿಯವನನ್ನು ಕೂಗಿದ. ಇವರಿಗೆಂದು ತಂದದ್ದಲ್ಲ. ಕಪ್ಪು ಹೂ ಹೇಗಿರುತ್ತದೆಂದು ನನಗೇ ನೋಡಬೇಕೆನಿಸಿತು. ತಳ್ಳುಗಾಡಿಯವನು ತಂದು ಹಿತ್ತಲಲ್ಲಿ ಇಳಿಸಿ ಹೋದ. ಒಬ್ಬಳಿಂದ ಅಲುಗಾಡಿಸಲೂ ಆಗುವುದಿಲ್ಲ.

ಆಗಸ್ಟ್ ೩

ಬೆಳಿಗ್ಗೆ ಬೇಗ ಎದ್ದು ಹಿತ್ತಲಿಗೆ ಹೋದವಳು ಕೆಲಸಕ್ಕೆ ತಡವಾಗಿ ಬೈಸಿಕೊಂಡೆ. ಏನು ಮಾಡಲಿ, ಎಲ್ಲವೂ ಒಟ್ಟಿಗೆ ಬಂದಿವೆ. ಗುಂಡಿ ಈಗ ಅಂಗೈಯಷ್ಟು ಹಬ್ಬಿದೆ, ಮಧ್ಯಾಹ್ನಕ್ಕೆ ಮುಚ್ಚಿಕೊಳ್ಳುವ ಸೋಮಾರಿ. ಕರ್ಣಕುಂಡಲದ ಕಾಯಿ ಬೆರಳು ತಾಗಿದರೆ ಸಾಕು ಟಪ್ಪೆಂದು ಸಿಡಿದು ಬೀಜ ಕಾರುತ್ತದೆ, ಅದಕ್ಕೆ ಚಾಡಿಕೋರ ಎಂದು ಹೆಸರು. ಗೋಡೆಗೆ ಹಬ್ಬಿಸಿದ್ದ ಬಳ್ಳಿಯಲ್ಲಿ ಗಡಿಯಾರದ ಹೂ ಬಿಟ್ಟಿದೆ, ನೇರಳೆ ಎಳೆಗಳು ಸುತ್ತಲೂ, ನಡುವೆ ಮುಳ್ಳುಗಳು. ನಮ್ಮ ಗೋಡೆ ಗಡಿಯಾರದಂತೆ ಅದೂ ಯಾವಾಗಲೂ ತಪ್ಪು ಸಮಯ ತೋರಿಸುತ್ತದೆ. ಗಾಜಿನ ಹಿಂದಿನ ಸಣಕಲು ಗಿಡ ಮೇಲಕ್ಕೆ ಹಾಯ್ದು ಗೋಡೆಯ ಆಚೆ ಇಣುಕುತ್ತಿದೆ, ಮೈತುಂಬ ಹಳದಿ. ಆ ಕೊಳಕು ವಾಸನೆಯದಕ್ಕೂ ಇನ್ನೊಂದು ಮೊಗ್ಗು ಬಂದಿದೆ. ಮೂಗು ಮುಚ್ಚಿಕೊಂಡು ನೋಡಿದರೆ ಎಂಥ ಚೆಲುವೆ ಅದು! ಅವತ್ತು ಸರಿಯಾಗಿ ನೋಡಿರಲೇ ಇಲ್ಲ.

ಬಾವಲಿ ಗಿಡದ ಸುತ್ತಲಿನ ಮಣ್ಣು ಯಾರೋ ಕೆದಕಿದಂತಿದೆ. ಬೆಕ್ಕಿನ ಕೆಲಸ. ಕಾಯಿಸಿದ ಹಾಲು ಬಿಟ್ಟು ಮಣ್ಣಿಗೆ ಯಾಕೆ ಬರುತ್ತದೋ.

ಆಗಸ್ಟ್ ೧೪

ಮೊಗ್ಗು! ಬಾವಲಿಗೆ ಮೊಗ್ಗು!

ತಂಗಿಯ ಫೋನು. "ಇಪ್ಪತ್ತೈದಕ್ಕೆ ನಾನೂ ಬರ್ತೀನಿ, ಭಾವನ್ನ ಸೇರಿಸಿ ಹಾಗೇ ನಿನ್ನ ಕರ್ಕೊಂಡು ಬರ್ತೀನಿ. ಬಟ್ಟೆ ಕಟ್ಟಿಟ್ಟಿರು" ಎಂದಳು.

"ಆಗಲ್ಲ ಕಣೇ. ಹೂ ಬಿಡೋದಿದೆ."

"ಏನು?"

"ಕಪ್ಪು ಹೂ. ನಾನಿಲ್ದಿದ್ರೆ ನೋಡೋರು ಯಾರು?"

"ಅಕ್ಕಾ, ನಿನ್ನನ್ನೂ ಡಾಕ್ಟರಿಗೆ ತೋರಿಸ್ಬೇಕು" ಎಂದಳು. ಫೋನಿಟ್ಟ ಮೇಲೆ ಇಪ್ಪತ್ತೈದು ಎಂಬುದು ಎದೆಗೆ ಗುದ್ದಿತು. ಹೋಗಿ ಇವರ ಪಕ್ಕ ಮೆಟ್ಟಿಲ ಮೇಲೆ ಕೂತೆ. ಇಬ್ಬರೂ ಕತ್ತಲಾಗುವವರೆಗೆ ಮೊಗ್ಗು ನೋಡಿದೆವು.

ಆಗಸ್ಟ್ ೨೧

ಬಟ್ಟೆ ಮಡಿಸಿದೆ. ಚೀಲಕ್ಕೆ ಹಾಕಿದೆ. ತೆಗೆದೆ. ಮತ್ತೆ ಹಾಕಿದೆ.

ಆಗಸ್ಟ್ ೨೪

ಇವತ್ತು ಮಧ್ಯಾಹ್ನ ಅರಳಿತು. ನಾಳೆ ಎಲ್ಲ ಮುಗಿಯುವ ಮೊದಲು ಇದನ್ನಾದರೂ ಸರಿಯಾಗಿ ಬರೆದಿಡುತ್ತೇನೆ.

ಕಪ್ಪು ಎಂದರೆ ಬರೀ ಕಪ್ಪಲ್ಲ. ಬೆಳಕಿಗೆ ಹಿಡಿದರೆ ಒಳಗೆ ನೇರಳೆ ಇದೆ. ಎರಡು ಅಗಲ ರೆಕ್ಕೆ ಹರಡಿಕೊಂಡಿದೆ, ನಡುವೆ ಸಣ್ಣ ಸಣ್ಣ ಹೂಗಳ ಗೊಂಚಲು ತಲೆ ತಗ್ಗಿಸಿಕೊಂಡಿದೆ, ಅಲ್ಲಿಂದ ಮೊಳದುದ್ದದ ಮೀಸೆಗಳು ಇಳಿಬಿದ್ದಿವೆ. ಮದುವೆಯ ಹೊತ್ತಿನಲ್ಲಿ ಇವರಿಗಿದ್ದ ಮೀಸೆ ನೆನಪಾಗಿ ಒಬ್ಬಳೇ ನಕ್ಕೆ. ಕಣ್ಣು ತುಂಬಿತು, ಆದರೂ ನೋಡುವುದು ಬಿಡಲಿಲ್ಲ.

ಸಂಜೆ ಆಕಾಶ ಕಪ್ಪಾಗಿ ಗಾಳಿ ಎದ್ದಿತು. ಮೀಸೆಗಳು ಒಂದಕ್ಕೊಂದು ಸಿಕ್ಕಿಕೊಂಡು ಹಾರಾಡತೊಡಗಿದವು. ತೊಟ್ಟಿಯನ್ನು ಒಳಗೆ ಸಾಗಿಸಬೇಕು, ಅದೋ ಕಲ್ಲುಬಂಡೆ. ಎದುರು ಮನೆಯ ದರ್ಜಿಯನ್ನು ಕೂಗಿದೆ, ಗಾಳಿಯ ಅಬ್ಬರದಲ್ಲಿ ಅವನಿಗೆ ಕೇಳಿಸಲಿಲ್ಲ. ಒಬ್ಬಳೇ ತೊಟ್ಟಿಯ ಅಂಚು ಹಿಡಿದು ಎಳೆದೆ, ಉಗುರು ಮುರಿಯಿತು. ಇವರು ಮೆಟ್ಟಿಲಿನಿಂದ ಎದ್ದು ಬಂದು ಆಚೆ ಬದಿ ಹಿಡಿದರು. ಸದ್ಯ ಎಂದುಕೊಂಡು ಎತ್ತಿದೆ. ನಾನು ಬಾಗಿಲ ಕಡೆ ಇದ್ದೆ, ಹಿಂದಕ್ಕೆ ಹೆಜ್ಜೆ ಹಾಕಿದೆ. ಕಣ್ಣೆಲ್ಲ ಮೀಸೆಯ ಮೇಲೆ. ಹೂ ನನ್ನ ಗಲ್ಲಕ್ಕೆ ತಾಗುವಷ್ಟು ಹತ್ತಿರ ಇತ್ತು, ತಲೆ ತಿರುಗಿಸಿದರೆ ಮುರಿದೇ ಹೋಗುತ್ತಿತ್ತು.

"ನಿಲ್ಲು. ಮೆಟ್ಟಿಲು."

"ಗೊತ್ತು, ಸುಮ್ನಿರ್ರೀ, ಮೀಸೆ ಮುರಿಯುತ್ತೆ."

ಕಾಲಲ್ಲಿ ತಡವಿ ಮೆಟ್ಟಿಲು ಹುಡುಕಿಕೊಂಡೆ.

"ಹ್ಞೂಂ. ಈಗ ಬಾ."

ಹತ್ತಿದೆ. ಅಡುಗೆಮನೆಯ ಮೂಲೆಯಲ್ಲಿ ಮೆಲ್ಲಗೆ ಇಳಿಸಿದೆವು. ಒಂದು ಮೀಸೆಯೂ ಮುರಿದಿಲ್ಲ, ಎಣಿಸಿ ನೋಡಿದೆ. ಬಾಗಿಲು ಹಾಕಿದೆ, ಬಿದ್ದ ಮಣ್ಣು ಗುಡಿಸಿದೆ, ಹಾಲು ಉಕ್ಕುತ್ತಿತ್ತು, ಇಳಿಸಿದೆ. ಆಮೇಲೆ ಇದನ್ನು ಬರೆಯಲು ಕೂತೆ. ಗೊಂಚಲಿನ ಹೂಗಳ ಬಣ್ಣ ಬರೆಯುವುದು ಮರೆತೆ, ಅದು ಕಡು

ಅಯ್ಯೋ.

ಮೇಲೆ ಏನು ಬರೆದಿದ್ದೇನೆಂದು ಈಗ ಓದಿದೆ. ಮತ್ತೊಮ್ಮೆ ಓದಿದೆ.

ಫೆಬ್ರವರಿಯಿಂದ ಕಾದೆ. ಒಂದು ಥೂ ಸಿಕ್ಕಿದರೆ ಸಾಕೆಂದು ಕಾಲಿಗೆ ಬಿದ್ದೆ. ಮಾತು ಬಂತು, ಎದುರಿಗೇ ಬಂತು, ನಾನು ಸುಮ್ಮನಿರಿ ಎಂದೆ. ಅದಕ್ಕೂ ಹೆದರದೆ ಇನ್ನೊಂದು ಮಾತು ಬಂತು. ಬಾ ಎಂದರು. ನಾನು ತಿರುಗಿಯೂ ನೋಡದೆ ಹೋದೆ.

ಎದ್ದು ಹೋಗಿ ನೋಡಿದೆ. ಅಡುಗೆಮನೆಯಲ್ಲಿ ಹೂವಿನ ಮುಂದೆ ನೆಲದ ಮೇಲೆ ಕೂತಿದ್ದಾರೆ, ಬೆರಳಿನಿಂದ ಸಿಕ್ಕಿಕೊಂಡ ಮೀಸೆ ಬಿಡಿಸುತ್ತಿದ್ದಾರೆ. ಉಗುರಲ್ಲಿ ಮಣ್ಣು. ಬೆಕ್ಕಿನ ಕೆಲಸವಂತೆ! ಏನೂ ಕೇಳಲಿಲ್ಲ, ಕೇಳಲು ಭಯ. ಮತ್ತೆ ಮಾತು ಬರುತ್ತದೋ, ಇಷ್ಟಕ್ಕೇ ನಿಂತಿತೋ ಯಾರಿಗೆ ಗೊತ್ತು. ನಾಳೆ ಡಾಕ್ಟರು ಕೇಳಿದಾಗ ಬಾಯಿ ಬಿಡದಿದ್ದರೆ ನನ್ನ ಮಾತನ್ನು ನಂಬುವವರು ಯಾರು?

ಇರಲಿ. ಬೇಕಾದರೆ ನಾಳೆ ಆಸ್ಪತ್ರೆಯ ಮೆಟ್ಟಿಲುಗಳನ್ನೆಲ್ಲ ಹಿಂದಕ್ಕೆ ನಡೆದುಕೊಂಡೇ ಹತ್ತುತ್ತೇನೆ.